ಸ್ಕ್ರೂ ಹೊಡೆದರೆ ಬಿಳಿ ಚೆಂಡು ಅಲ್ಲೇ ನಿಲ್ಲುತ್ತೆ: ಜೋರು ಸಾಲದೋ, ಕೈ ಸರಿಯಿಲ್ಲವೋ?

ದಾವಣಗೆರೆ_ಎಂಟುಚೆಂಡು:
ಎಲ್ಲರಿಗೂ ನಮಸ್ಕಾರ. ಪೂಲ್ ಆಡೋಕೆ ಶುರು ಮಾಡಿ ಎಂಟು ತಿಂಗಳಾಯ್ತು. ನಮ್ಮ ಏರಿಯಾದ ಪಾರ್ಲರ್‌ನಲ್ಲಿ 8 ಅಡಿ ಟೇಬಲ್ ಎರಡಿವೆ, ಕೆಲಸ ಮುಗಿಸಿ ವಾರಕ್ಕೆ ಮೂರ್ನಾಲ್ಕು ದಿನ ಹೋಗ್ತೀನಿ. ಪಾಟ್ ಮಾಡೋದು, ಅಂದ್ರೆ ಚೆಂಡನ್ನ ಪಾಕೆಟ್‌ಗೆ ಬೀಳಿಸೋದು, ಒಂದು ಮಟ್ಟಕ್ಕೆ ಬಂದಿದೆ. ತೊಂದರೆ ಇರೋದು ಸ್ಕ್ರೂನಲ್ಲಿ, ಅಂದ್ರೆ ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆದು, ಅದು ಎದುರಿನ ಚೆಂಡಿಗೆ ತಾಗಿದ ಮೇಲೆ ಹಿಂದಕ್ಕೆ ಬರೋ ಹಾಗೆ ಮಾಡೋದ್ರಲ್ಲಿ.

ಬಿಳಿ ಚೆಂಡಿಗೂ ಹೊಡೆಯಬೇಕಾದ ಚೆಂಡಿಗೂ ಒಂದಡಿ ಅಂತರ ಇದ್ರೆ ಸ್ವಲ್ಪ ಹಿಂದೆ ಬರುತ್ತೆ. ಮೂರಡಿ ಇದ್ರೆ ಆ ಚೆಂಡಿಗೆ ತಾಗಿದ ಜಾಗದಲ್ಲೇ ಗಕ್ಕನೆ ನಿಲ್ಲುತ್ತೆ. ನಾಲ್ಕೈದಡಿ ಆದ್ರೆ ಹಿಂದೆ ಬರೋದಿರಲಿ, ಮುಂದಕ್ಕೇ ಉರುಳುತ್ತೆ. ಕೆಳಗೇ ಗುರಿ ಇಡ್ತೀನಿ, ಚಾಕ್ ಹಚ್ತೀನಿ. ಜೋರಾಗಿ ಹೊಡೆದ್ರೆ ಟಿಪ್ (ಕ್ಯೂ ಅನ್ನೋ ಆಟದ ಕೋಲಿನ ಚರ್ಮದ ತುದಿ) ಜಾರಿ ಮಿಸ್‌ಕ್ಯೂ ಆಗುತ್ತೆ. ಮೊನ್ನೆ ಬಿಳಿ ಚೆಂಡು ಟೇಬಲ್ ಅಂಚಿನ ಕುಶನ್ ಹಾರಿ ಪಕ್ಕದ ಟೇಬಲ್‌ನವರ ಕಾಲ ಹತ್ತಿರ ಬಿತ್ತು, ಓನರ್ ಹತ್ರ ಬೈಸಿಕೊಂಡೆ. ಭಾರದ ಕ್ಯೂ ತಗೋಬೇಕಾ? ಟಿಪ್ ಮೆತ್ತಗಿನದು ಹಾಕಿಸ್ಬೇಕಾ? ಇಲ್ಲ ಕೈಯಲ್ಲೇ ತಪ್ಪಿದೆಯಾ? ಬಲ್ಲವರು ಹೇಳಿ.

ಟೇಬಲ್_ಮೂರು:
ಕ್ಯೂ ಬದಲಾಯಿಸೋಕೆ ಹೋಗ್ಬೇಡಿ. ಎಂಟು ತಿಂಗಳಿಗೆ ಕ್ಯೂ ಮೇಲೆ ಹಣ ಹಾಕಿದವರು ನಾಲ್ಕು ಜನ ನನಗೇ ಗೊತ್ತು, ಯಾರ ಸ್ಕ್ರೂ ಕೂಡ ಅದರಿಂದ ಬರಲಿಲ್ಲ.

ಹುಬ್ಬಳ್ಳಿ_ಬ್ರೇಕ್:
ತಮ್ಮಾ, ನಿಂದು ಫಾಲೋ ಥ್ರೂ ಸಾಲವಲ್ದು. ಹೊಡದ ಕೂಡಲೇ ಕ್ಯೂ ಹಿಂದ ಎಳ್ಕೊಳ್ಳಾಕತ್ತಿರಬೇಕು. ಟಿಪ್ ಚೆಂಡಿನ ಜೋಡಿ ಮುಂದ ಹೋಗಬೇಕು, ಆವಾಗ ಚೆಂಡು ತಿರುಗತೈತಿ. ನಾನು ಕಲಿಯೋ ಮುಂದ ನಮ್ಮ ಹಿರಿಯರು ಹೇಳಿದ್ದು ಇದನ್ನ. ಒಂದು ಗೇಣು ಮುಂದಕ್ಕ ಕ್ಯೂ ಬಿಡು, ತಾನ ಹಿಂದ ಬರತೈತಿ.

ಚಾಕ್‌ಪುಡಿ:
ದಾವಣಗೆರೆಯವರೇ, ಅಂತರ ಹೆಚ್ಚಾದ ಹಾಗೆ ಏನೇನಾಗುತ್ತೆ ಅಂತ ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ.

ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆದಾಗ ಅದು ಹಿಂದಕ್ಕೆ ತಿರುಗುತ್ತಾ ಮುಂದಕ್ಕೆ ಜಾರುತ್ತದೆ. ಉರುಳುವುದಿಲ್ಲ, ಜಾರುತ್ತದೆ. ಟೇಬಲ್ ಮೇಲಿನ ಬಟ್ಟೆ ಅದರ ಹಿಮ್ಮುಖ ತಿರುಗನ್ನು ಪ್ರತಿ ಕ್ಷಣವೂ ತಿನ್ನುತ್ತಿರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ತಿರುಗು ಪೂರ್ತಿ ಮುಗಿದು, ಚೆಂಡು ಯಾವ ತಿರುಗೂ ಇಲ್ಲದೆ ಬರೀ ಜಾರುವ ಒಂದು ಘಳಿಗೆ ಬರುತ್ತದೆ. ಅದನ್ನೂ ದಾಟಿದರೆ ಮುಂದಕ್ಕೆ ಉರುಳಲು ಶುರು. ನೇರಾನೇರ ಹೊಡೆತದಲ್ಲಿ ತಿರುಗು ಉಳಿದಿರುವಾಗ ತಾಗಿದರೆ ಬಿಳಿ ಹಿಂದೆ ಬರುತ್ತದೆ, ಮುಗಿದ ಘಳಿಗೆಯಲ್ಲಿ ತಾಗಿದರೆ ಅಲ್ಲೇ ನಿಲ್ಲುತ್ತದೆ, ಉರುಳಲು ಶುರುವಾದ ಮೇಲೆ ತಾಗಿದರೆ ಹಿಂಬಾಲಿಸುತ್ತದೆ. ನಿಮ್ಮ ಒಂದಡಿ, ಮೂರಡಿ, ಐದಡಿ ಮೂರೂ ಇವೇ. ಅಂದರೆ ನಿಮ್ಮ ಹೊಡೆತದಲ್ಲಿ ಮೂರಡಿಗೆ ಖರ್ಚಾಗುವಷ್ಟು ತಿರುಗು ಮಾತ್ರ ಇದೆ.

ಹೆಚ್ಚಿಗೆ ಬೇಕಾದರೆ ದಾರಿ ಎರಡೇ: ಇನ್ನೂ ಕೆಳಗೆ ತಾಗಿಸುವುದು, ಇಲ್ಲವೇ ಇನ್ನೂ ವೇಗವಾಗಿ ಹೊಡೆಯುವುದು. ನೀವು ಎರಡನೆಯದನ್ನು ಮಾಡಿ ನೋಡಿದ್ದೀರಿ. ಮೊದಲನೆಯದನ್ನೂ ಮಾಡುತ್ತಿದ್ದೇನೆ ಅಂದುಕೊಂಡಿದ್ದೀರಿ. ನನಗೆ ಅನುಮಾನ ಇರುವುದು ಅಲ್ಲಿಯೇ. ಕೆಳಗೆ ಗುರಿ ಇಡುವುದು ಬೇರೆ, ಟಿಪ್ ಕೆಳಗೆ ತಾಗುವುದು ಬೇರೆ.

ಒಂದು ಪರೀಕ್ಷೆ ಮಾಡಿ. ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡೊಂದನ್ನು, 9ರಿಂದ 15ರ ತನಕ ಯಾವುದಾದರೂ ಸರಿ, ಪಟ್ಟೆ ಅಡ್ಡವಾಗಿ ನೆಲಕ್ಕೆ ಸಮನಾಗಿ ಇರುವಂತೆ ಇಡಿ. ನಂಬರ್ ಪಕ್ಕಕ್ಕಿರಲಿ. ಚೆಂಡನ್ನು ಒರೆಸಿ, ಟಿಪ್‌ಗೆ ಚಾಕ್ ಚೆನ್ನಾಗಿ ಹಚ್ಚಿ, ನಿಮ್ಮ ಮಾಮೂಲಿ ಸ್ಕ್ರೂ ಹೊಡೆಯಿರಿ. ಚೆಂಡನ್ನು ಎತ್ತಿ ನೋಡಿ, ಸಣ್ಣ ನೀಲಿ ಚುಕ್ಕೆ ಬಿದ್ದಿರುತ್ತದೆ. ಪೂಲ್ ಚೆಂಡಿನ ವ್ಯಾಸ 57 ಮಿಲಿಮೀಟರ್ ಚಿಲ್ಲರೆ, ನಡುವಿನಿಂದ ಸುಮಾರು 14 ಮಿಲಿಮೀಟರ್ ದಾಟಿದರೆ ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತದೆ. ಪಟ್ಟೆಯ ಕೆಳಗಂಚು ಹೆಚ್ಚೂಕಡಿಮೆ ಅದೇ ಗಡಿ. ಚುಕ್ಕೆ ಆ ಅಂಚಿಗಿಂತ ತುಸು ಮೇಲೆ, ಪಟ್ಟೆಯೊಳಗೆ ಇರಬೇಕು. ಹತ್ತು ಸಲ ಹೊಡೆದು, ಪ್ರತಿ ಸಲ ಚುಕ್ಕೆ ಎಲ್ಲಿ ಬಿತ್ತು ಅಂತ ಬರೆದಿಟ್ಟುಕೊಂಡು ಇಲ್ಲಿ ಹಾಕಿ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಟಿಪ್ ದುಂಡಗಿರುವುದರಿಂದ ಕ್ಯೂವಿನ ನಡುಗೆರೆ ಎಲ್ಲಿ ತೋರಿಸುತ್ತದೋ ಅಲ್ಲಿ ಅದು ತಾಗುವುದಿಲ್ಲ, ತಾಗುವುದು ಟಿಪ್‌ನ ಮೇಲಂಚು. ಕ್ಯೂವಿನ ನಡು 14 ಮಿಲಿಮೀಟರ್ ಕೆಳಗಿದ್ದರೆ ನಿಜವಾಗಿ ತಾಗುವ ಜಾಗ 10-11ರ ಹತ್ತಿರ. ಹಾಗಾಗಿ ಕಣ್ಣಿಗೆ "ಬಹಳ ಕೆಳಗಾಯ್ತು" ಅನ್ನಿಸಿದರೂ ಇನ್ನೂ ಜಾಗ ಇರುತ್ತದೆ.

ಹುಬ್ಬಳ್ಳಿಯವರೇ, ಫಾಲೋ ಥ್ರೂ ಬಗ್ಗೆ ನಾನು ಒಪ್ಪೋದಿಲ್ಲ. ಟಿಪ್ಪೂ ಚೆಂಡೂ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಆಮೇಲೆ ಚೆಂಡು ಕ್ಯೂಗಿಂತ ವೇಗವಾಗಿ ಮುಂದೆ ಹೋಗಿರುತ್ತದೆ. ಕ್ಯೂ 540 ಗ್ರಾಂ ತೂಗಿದರೆ ಚೆಂಡು 160-170 ಗ್ರಾಂ, ಹಾಗಾಗಿ ಚೆಂಡು ಕ್ಯೂವಿನ ವೇಗದ ಒಂದೂಕಾಲು ಪಟ್ಟಿಗೂ ಮಿಕ್ಕಿ ಓಡುತ್ತದೆ. ಅದರ ಹಿಂದೆ ಕ್ಯೂ ಒಂದು ಗೇಣು ಹೋದರೇನು, ಎರಡು ಗೇಣು ಹೋದರೇನು, ಚೆಂಡಿಗೆ ಗೊತ್ತಾಗುವುದೇ ಇಲ್ಲ.

ಹುಬ್ಬಳ್ಳಿ_ಬ್ರೇಕ್:
ಅಲ್ರೀ ಸರ, ಹಂಗಾರ ಎಲ್ಲಾ ಕೋಚ್‌ಗೋಳು ಫಾಲೋ ಥ್ರೂ, ಫಾಲೋ ಥ್ರೂ ಅಂತ ಯಾಕ ಬಡ್ಕೋತಾರ? ನಾ ಹದಿನೈದು ವರ್ಷದಿಂದ ಆಡಾಕತ್ತೀನಿ. ಕ್ಯೂ ತಡದು ಹೊಡದ್ರ ಸ್ಕ್ರೂ ಬರೂದುಲ್ಲ, ಮುಂದ ಬಿಟ್ಟು ಹೊಡದ್ರ ಬರತೈತಿ. ಇದು ಕೈಯಾಗ ಗೊತ್ತಾಗೂ ಮಾತು. ಕಾಗದದ ಲೆಕ್ಕ ಅಲ್ಲ.

ಚಾಕ್‌ಪುಡಿ:
ನಿಮ್ಮ ಕೈ ಹೇಳೋದು ಸುಳ್ಳಲ್ಲ. ಕಾರಣ ಮಾತ್ರ ಹಿಂದುಮುಂದಾಗಿದೆ. ಹೊಡೆದ ಮೇಲೆ ಕ್ಯೂ ತಡೆಯಬೇಕು ಅಂತ ಮನಸ್ಸಿನಲ್ಲಿದ್ದವನ ಕೈ, ತಾಗುವ ಮೊದಲೇ ಬ್ರೇಕ್ ಹಾಕಿರುತ್ತದೆ. ಕ್ಯೂ ವೇಗ ಕಳೆದುಕೊಂಡೇ ಚೆಂಡಿಗೆ ಬಂದು ತಾಗುತ್ತದೆ, ಹಿಡಿತ ಬಿಗಿಯಾಗಿ ಟಿಪ್ ಕೂಡ ಅಲುಗಾಡುತ್ತದೆ. ಮುಂದೆ ಬಿಡಬೇಕು ಅಂದುಕೊಂಡವನು ತಾಗುವ ತನಕ ವೇಗ ಏರಿಸುತ್ತಾ ಬರುತ್ತಾನೆ. ಹಾಗಾಗಿ ಅವನ ಸ್ಕ್ರೂ ಬರುತ್ತದೆ. ಫಾಲೋ ಥ್ರೂ ಅಂದರೆ ಒಳ್ಳೆಯ ಹೊಡೆತ ಬಿಟ್ಟು ಹೋದ ಗುರುತು. ಕೋಚ್‌ಗಳು ಆ ಗುರುತನ್ನು ಕೇಳುತ್ತಾರೆ, ಯಾಕೆಂದರೆ ಸಾವಿರದ ಒಂದು ಭಾಗದಲ್ಲಿ ನಡೆದದ್ದು ಅವರ ಕಣ್ಣಿಗೂ ಕಾಣುವುದಿಲ್ಲ.

ಇದು ಯಾಕೆ ಮುಖ್ಯ ಅಂತೀರಾ? "ಇನ್ನೂ ಮುಂದೆ ಬಿಡು" ಅಂತ ಮಾತ್ರ ಹೇಳಿದರೆ ಈ ಹುಡುಗ ಕ್ಯೂ ಒಂದು ಗೇಣು ತಳ್ಳುತ್ತಾನೆ, ಭುಜ ಮುಂದೆ ಬರುತ್ತದೆ, ಮೊಣಕೈ ಬೀಳುತ್ತದೆ, ಟಿಪ್ ಮೇಲೇಳುತ್ತದೆ. ಕೊನೆಗೆ ನಡುವಿಗೇ ತಾಗುತ್ತದೆ.

ಹುಬ್ಬಳ್ಳಿ_ಬ್ರೇಕ್:
ಮೊಣಕೈ ಮಾತು ಖರೇ ಐತಿ ನೋಡ್ರಿ. ಅದನ್ನ ನಾನೂ ಹುಡುಗ್ರಿಗೆ ಹೇಳ್ತೀನಿ.

ಮೂಲೆಪಾಕೆಟ್_ಮೈಸೂರು:
ನಾನು ಆರು ವರ್ಷದಿಂದ ಆಡ್ತಿದ್ದೀನಿ, ನಮ್ಮ ಕ್ಲಬ್ಬಿನಲ್ಲಿ ಹೆಣ್ಣುಮಕ್ಕಳು ನಾವು ಮೂರೇ ಜನ. ತೋಳಿನ ಬಲ ನನಗೆ ಅಷ್ಟಿಲ್ಲ ಕಣ್ರೀ, ಆದ್ರೂ ಐದಡಿ ಅಂತರದಿಂದ ಎರಡಡಿ ಹಿಂದಕ್ಕೆ ತರ್ತೀನಿ. ಹಾಗಾಗಿ ಜೋರಿನ ವಿಷಯ ಬಿಡಿ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ.

ನನ್ನ ತಪ್ಪು ಇದ್ದದ್ದು ಹಿಡಿತದಲ್ಲಿ. ಹಿಂದಕ್ಕೆ ಎಳೆಯೋವರೆಗೂ ಸಡಿಲ, ಮುಂದೆ ಬರುವಾಗ ಕೊನೇ ಕ್ಷಣದಲ್ಲಿ ಗಬಕ್ಕನೆ ಮುಷ್ಟಿ ಬಿಗಿಯಾಗ್ತಿತ್ತು. ನನಗೆ ಗೊತ್ತೇ ಆಗ್ತಿರಲಿಲ್ಲ. ಕಲಿಸೋ ಸರ್ ಕ್ಯೂಗೂ ನನ್ನ ಅಂಗೈಗೂ ಮಧ್ಯೆ ಮಡಚಿದ ಬಸ್ ಟಿಕೆಟ್ ಒಂದನ್ನ ಇಟ್ಟು ಹೊಡೆಯೋಕೆ ಹೇಳಿದ್ರು. ಹೊಡೆದಾದ ಮೇಲೆ ತೆಗೆದು ನೋಡಿದ್ರೆ ಆ ಟಿಕೆಟ್ ಮುದ್ದೆಯಾಗಿತ್ತು! ಆಮೇಲೆ ಎರಡು ವಾರ ಟಿಕೆಟ್ ಸುಕ್ಕಾಗದ ಹಾಗೆ ಹೊಡೆಯೋದೊಂದೇ ಅಭ್ಯಾಸ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಇವಿಷ್ಟರ ಮೇಲೆ ಕ್ಯೂ ತೂಗಾಡ್ತಾ ಇರ್ಬೇಕು. ಕ್ಯೂಗೆ ತನ್ನದೇ ತೂಕ ಇದೆ, ಅದು ಕೆಲಸ ಮಾಡೋಕೆ ನಾವು ಬಿಡ್ಬೇಕು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ನೈನ್‌ಬಾಲ್ ಪೂಲ್ ಚಾಂಪಿಯನ್‌ಷಿಪ್ ಗೆದ್ದ ಫಿಲಿಪೀನ್ಸ್‌ನ ಎಫ್ರೆನ್ ರೇಯಸ್ ಅವರ ವಿಡಿಯೋ ಯಾವುದಾದ್ರೂ ಹಾಕಿ, ಚೆಂಡು ನೋಡ್ಬೇಡಿ, ಹಿಂದಿನ ಕೈ ಮಾತ್ರ ನೋಡಿ. ಮಣಿಕಟ್ಟು ತೊಟ್ಟಿಲ ಹಾಗೆ ತೂಗುತ್ತೆ.

ಬ್ರಿಡ್ಜ್ ಕೈಯನ್ನೂ, ಅಂದ್ರೆ ಟೇಬಲ್ ಮೇಲೆ ಊರಿ ಕ್ಯೂಗೆ ಆಸರೆ ಕೊಡೋ ಮುಂದಿನ ಕೈಯನ್ನೂ, ನೋಡ್ಕೊಳ್ಳಿ. ಸ್ಕ್ರೂಗೆ ಟಿಪ್ ಕೆಳಗೆ ಹೋಗ್ಬೇಕು ಅಂತ ಎಷ್ಟೋ ಜನ ಹಿಂದಿನ ಕೈ ಎತ್ತಿಬಿಡ್ತಾರೆ. ಹಾಗೆ ಮಾಡ್ಬೇಡಿ, ಚೆಂಡು ನೆಗೆಯೋದು ಅದಕ್ಕೇ. ಬ್ರಿಡ್ಜ್ ಅನ್ನೇ ತಗ್ಗಿಸಿ, ಅಂಗೈ ಬಟ್ಟೆಗೆ ಒತ್ತಿ, ಬೆರಳು ಚಪ್ಪಟೆ ಮಾಡಿ. ಕುಶನ್ ಅಡ್ಡ ಬರದಷ್ಟು ಮಟ್ಟಿಗೆ ಕ್ಯೂ ಆದಷ್ಟೂ ಮಲಗಿರಲಿ.

ದಾವಣಗೆರೆ_ಎಂಟುಚೆಂಡು:
ಅಕ್ಕಾ, ಸರ್, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಪಟ್ಟೆ ಚೆಂಡಿನ ಪರೀಕ್ಷೆ ಮಾಡಿದೆ. 11ರ ಚೆಂಡು ತಗೊಂಡೆ, ಕೆಂಪು ಪಟ್ಟೆ ಮೇಲೆ ನೀಲಿ ಚುಕ್ಕೆ ಚೆನ್ನಾಗಿ ಕಂಡಿತು.

ಹತ್ತರಲ್ಲಿ ಏಳು ಸಲ ಚುಕ್ಕೆ ಪಟ್ಟೆಯ ಮಧ್ಯಗೆರೆಯಿಂದ ಮೂರ್ನಾಲ್ಕು ಮಿಲಿಮೀಟರ್ ಕೆಳಗೆ ಅಷ್ಟೇ. ಎರಡು ಸಲ ಮಧ್ಯಕ್ಕಿಂತ ಮೇಲೇ ಬಿದ್ದಿದೆ! ಒಂದೇ ಒಂದು ಸಲ ಕೆಳಗಂಚಿನ ಹತ್ತಿರ, ಆ ಸಲ ಚೆಂಡು ಸರ್ರನೆ ವಾಪಸ್ ಬಂತು. ನಾನು ಹತ್ತೂ ಸಲ ಕೆಳಗಂಚಿಗೇ ಟಿಪ್ ಇಟ್ಟು ಗುರಿ ನೋಡಿದ್ದೆ. ಚುಕ್ಕೆಗಳನ್ನ ನೋಡ್ತಾ ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. ಎಂಟು ತಿಂಗಳಿಂದ ಸ್ಕ್ರೂ ಹೊಡೀತಿದ್ದೀನಿ ಅಂದುಕೊಂಡಿದ್ದು ಬಹುಪಾಲು ಸ್ಕ್ರೂವೇ ಅಲ್ಲ.

ಫ್ರೆಂಡ್ ಹತ್ರ ಪಕ್ಕದಿಂದ ವಿಡಿಯೋ ಮಾಡಿಸಿದೆ. ಸರ್ ಹೇಳಿದ ಹಾಗೇ, ಟಿಪ್ ಚೆಂಡಿಗೆ ತಾಗೋಕೆ ಮೊದಲೇ ನನ್ನ ಮೊಣಕೈ ಕೆಳಗೆ ಬೀಳ್ತಿದೆ. ಇದನ್ನ ಹೇಗೆ ಸರಿ ಮಾಡೋದು?

ಚಾಕ್‌ಪುಡಿ:
ಖುಷಿಯಾಯ್ತು. ಹತ್ತು ಸಲ ಲೆಕ್ಕ ಇಟ್ಟು ಬರೆಯುವವರು ಅಪರೂಪ.

ಬ್ರಿಡ್ಜ್ ಕೈಯೇ ತಕ್ಕಡಿಯ ಮುಳ್ಳು ಅಂದುಕೊಳ್ಳಿ. ಹಿಂದಿನ ಕೈ ಇಳಿದರೆ ಟಿಪ್ ಏಳಲೇಬೇಕು. ಮೊಣಕೈ ಬೀಳುವುದು ಬಲ ಹಾಕಲು ಭುಜವನ್ನು ಕರೆದಾಗ. ಮೊಣಕೈ ಗೂಟಕ್ಕೆ ಕಟ್ಟಿದ ಹಾಗೆ ಇರಲಿ, ಮುಂದೋಳು ಮಾತ್ರ ಗಡಿಯಾರದ ಲೋಲಕದಂತೆ ತೂಗಲಿ. ಟಿಪ್ ಚೆಂಡನ್ನು ಮುಟ್ಟುವ ಹೊತ್ತಿಗೆ ಮುಂದೋಳು ನೆಲಕ್ಕೆ ಲಂಬವಾಗಿರಬೇಕು. ಹಾಗಿಲ್ಲದಿದ್ದರೆ ಕ್ಯೂ ಹಿಡಿಯುವ ಜಾಗವನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ. ಹೊಡೆದಾದ ಮೇಲೆ ಟಿಪ್ ಬಟ್ಟೆಯ ಕಡೆಗೆ ಬಾಗಿ ನಿಲ್ಲಬೇಕು. ಮೇಲಕ್ಕೆ ನೋಡುತ್ತಿದ್ದರೆ ಮೊಣಕೈ ಮತ್ತೆ ಬಿದ್ದಿದೆ ಅಂತಲೇ ಅರ್ಥ. ನಾಲ್ಕು ವಾರ ಇದನ್ನು ನಿಧಾನದ ಹೊಡೆತದಲ್ಲೇ ಮಾಡಿ.

ಈಗ ವೇಗದ ವಿಷಯ. ಜೋರಿನ ವಿಷಯ ಬಿಡಿ ಅಂತ ಮೇಲೆ ಮೈಸೂರಿನವರು ಹೇಳಿದ್ದು ಪೂರ್ತಿ ಸರಿಯಲ್ಲ. ದೂರದ ಸ್ಕ್ರೂಗೆ ವೇಗ ಬೇಕೇ ಬೇಕು. ಒಂದೇ ಜಾಗಕ್ಕೆ ತಾಗಿಸಿ ವೇಗ ದುಪ್ಪಟ್ಟು ಮಾಡಿದರೆ, ತಿರುಗು ಮುಗಿಯುವ ತನಕ ಚೆಂಡು ಕ್ರಮಿಸುವ ದೂರ ನಾಲ್ಕು ಪಟ್ಟಾಗುತ್ತದೆ. ಹಾಕಿದ ತಿರುಗೂ ದುಪ್ಪಟ್ಟು, ಅದನ್ನು ಬಟ್ಟೆ ತಿನ್ನಲು ಬೇಕಾದ ಸಮಯವೂ ದುಪ್ಪಟ್ಟು, ಆ ಸಮಯದಲ್ಲಿ ಓಡುವ ವೇಗವೂ ದುಪ್ಪಟ್ಟು. ಇಷ್ಟು ದೊಡ್ಡ ಲಾಭ ಇದ್ದರೂ ನಿಮಗೆ ಸಿಗದಿದ್ದದ್ದು ಟಿಪ್ ನಡುವಿಗೆ ತಾಗುತ್ತಿದ್ದುದರಿಂದ. ನಡುವಿಗೆ ತಾಗಿದರೆ ತಿರುಗು ಸೊನ್ನೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಆ ವೇಗವನ್ನು ತೋಳಿನ ಬಿಗಿಯಿಂದ ತರಬೇಡಿ, ಹಿಂದಕ್ಕೆ ಎಳೆಯುವ ಉದ್ದದಿಂದ ತನ್ನಿ. ಮೆಲ್ಲನೆಯ ಹೊಡೆತಕ್ಕೆ ನಾಲ್ಕು ಬೆರಳಷ್ಟು ಎಳೆತ, ದೊಡ್ಡದಕ್ಕೆ ಬ್ರಿಡ್ಜ್‌ನಿಂದ ಟಿಪ್‌ವರೆಗಿನ ಪೂರ್ತಿ ಉದ್ದ. ಹಿಂದೆ ಹೋದಾಗ ಅರೆಕ್ಷಣ ನಿಲ್ಲಿಸಿ, ಮುಂದೆ ಬರುವಾಗ ಮೆಲ್ಲಗೆ ಶುರು ಮಾಡಿ ಚೆಂಡಿನ ಹತ್ತಿರ ಬರುವಷ್ಟರಲ್ಲಿ ವೇಗ ಏರಲಿ.

ಅಭ್ಯಾಸಕ್ಕೆ ನಿಲ್ಲಿಸುವ ಹೊಡೆತಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದಡಿ ಅಂತರದಲ್ಲಿ ನೇರ ಪಾಟ್ ಇಟ್ಟು ಬಿಳಿಯನ್ನು ತಾಗಿದ ಜಾಗದಲ್ಲೇ ನಿಲ್ಲಿಸಿ. ಐದಕ್ಕೆ ನಾಲ್ಕು ನಿಂತರೆ ಅಂತರ ಅರ್ಧ ಅಡಿ ಹೆಚ್ಚಿಸಿ. ಮುಂದೆ ಉರುಳಿದರೆ ತಿರುಗು ಮೊದಲೇ ಮುಗಿದಿದೆ, ಹಿಂದೆ ಬಂದರೆ ಇನ್ನೂ ಉಳಿದಿದೆ. ಇದರಷ್ಟು ಸ್ಪಷ್ಟವಾಗಿ ಕೈಯ ತಪ್ಪನ್ನು ತೋರಿಸುವ ಅಳತೆಗೋಲು ಇಲ್ಲ. ಸ್ಕ್ರೂ ಅಂದರೆ ಅದೇ ಹೊಡೆತಕ್ಕೆ ಸ್ವಲ್ಪ ಹೆಚ್ಚಿನ ತಿರುಗು, ಅಷ್ಟೇ.

ಕಡಲೂರಿನ_ಕ್ಯೂ:
ಮಂಗಳೂರಿನಿಂದ ಒಂದು ಮಾತು ಮಾರಾಯ್ರೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ತೇವ ಹೀರಿ ಭಾರ ಆಗ್ತದೆ. ಬೇಸಿಗೆಯಲ್ಲಿ ಎರಡಡಿ ಹಿಂದೆ ಬಂದ ಹೊಡೆತ ಜುಲೈಯಲ್ಲಿ ಅರ್ಧ ಅಡಿಯೂ ಬರುವುದಿಲ್ಲ. ತನ್ನ ಕೈಯೇ ಕೆಟ್ಟಿತು ಅಂತ ಹೆದರಬೇಡಿ. ಎಷ್ಟೋ ಕಡೆ ಪೂಲ್ ಟೇಬಲ್‌ಗೂ ಸ್ನೂಕರಿನ ಹಾಗೆ ರೋಮ ಇರುವ ಬಟ್ಟೆ ಹಾಕಿರ್ತಾರೆ, ಅದು ತಿರುಗನ್ನು ಬೇಗ ತಿಂತದೆ. ಆಟಕ್ಕೆ ಮೊದಲು ಚೆಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕೊಳೆ ಚೆಂಡು ಒಂದಕ್ಕೊಂದು ಅಂಟಿದ ಹಾಗೆ ತಾಗಿ ದಾರಿ ತಪ್ಪಿಸ್ತದೆ. ಪಾರ್ಲರ್ ಕ್ಯೂ ಆದರೆ ಟಿಪ್ ಚಪ್ಪಟೆಯಾಗಿ ಕನ್ನಡಿಯ ಹಾಗೆ ಹೊಳೀತಾ ಇರ್ತದೆ, ಅದಕ್ಕೆ ಚಾಕ್ ಹಿಡಿಯುವುದೇ ಇಲ್ಲ. ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ದುಂಡಗೆ ಮಾಡಿಕೊಳ್ಳಿ, ಓನರನ್ನು ಕೇಳಿಯೇ ಮಾಡಿ.

ಟೇಬಲ್_ಮೂರು:
ಟಿಪ್ ಅಂದಾಗ ನೆನಪಾಯ್ತು. ಕ್ಯೂ ತುದಿಗೆ ಚರ್ಮ ಬಂದದ್ದೇ 19ನೇ ಶತಮಾನದ ಆರಂಭದಲ್ಲಿ, ಫ್ರಾನ್ಸ್‌ನ ಮಿಂಗೋ ಎಂಬ ಸೈನಿಕನಿಂದ. ಅದಕ್ಕೂ ಮೊದಲು ಬರೀ ಮರದ ತುದಿ, ಅದರಲ್ಲಿ ಈ ಥರ ಸ್ಕ್ರೂ ಹೊಡೆಯೋಕೆ ಸಾಧ್ಯವೇ ಇರಲಿಲ್ಲ. 1835ರಲ್ಲಿ ಕೊರಿಯೋಲಿಸ್, ಅದೇ ಗಾಳಿಯ ದಿಕ್ಕು ತಿರುಗಿಸೋ ಬಲಕ್ಕೆ ಯಾರ ಹೆಸರಿದೆಯೋ ಅವರು, ಬಿಲಿಯರ್ಡ್ಸ್ ಚೆಂಡಿನ ಗಣಿತ ಬರೆದರು. ತಿರುಗುತ್ತಾ ಬಂದು ಓರೆಯಾಗಿ ತಾಗಿದ ಚೆಂಡು ಮೊದಲು ಬಾಗಿ, ಆಮೇಲೆ ನೇರ ಹೋಗುತ್ತೆ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ದು ನಮ್ಮ ಟೇಬಲ್ ಮೇಲೆ ದಿನಾ ಕಾಣುತ್ತೆ.

ರ‍್ಯಾಕ್_ಬೆಳಗಾವಿ:
ನನ್ನದೂ ಒಂದು ಪ್ರಶ್ನೆ. ಸೈಡ್ ಕೊಟ್ಟರೆ, ಅಂದರೆ ಬಿಳಿ ಚೆಂಡಿನ ಎಡಕ್ಕೋ ಬಲಕ್ಕೋ ಹೊಡೆದರೆ, ಪಾಟ್ ತಪ್ಪುತ್ತದೆ, ಯಾಕೆ?

ಮೂಲೆಪಾಕೆಟ್_ಮೈಸೂರು:
ಬಲಗಡೆ ಹೊಡೆದ್ರೆ ಬಿಳಿ ಸ್ವಲ್ಪ ಎಡಕ್ಕೆ ಹಾರುತ್ತೆ, ಆಮೇಲೆ ಕ್ಯೂವಿನ ಹಿಂದಿನ ತುದಿ ಮೇಲೆತ್ತಿದಷ್ಟೂ ಬಲಕ್ಕೆ ಬಾಗುತ್ತೆ, ತಾಗಿದಾಗ ಎದುರಿನ ಚೆಂಡನ್ನೂ ತುಸು ತಳ್ಳುತ್ತೆ. ಮೂರೂ ಸೇರಿ ಲೆಕ್ಕ ತಪ್ಪಿಸ್ತವೆ. ಮೇಲೆ-ಕೆಳಗೆ ಹೊಡೆಯೋದು ಕೈಗೆ ಕೂರೋವರೆಗೂ ಸೈಡ್ ಮುಟ್ಟಬೇಡಿ. ಸೈಡಿನ ನಿಜವಾದ ಉಪಯೋಗ ಬಿಳಿ ಕುಶನ್‌ಗೆ ತಾಗಿದ ಮೇಲೆ, ಮುಂದಿನ ಹೊಡೆತಕ್ಕೆ ಬಿಳಿಯನ್ನ ಬೇಕಾದ ಜಾಗಕ್ಕೆ ತರೋ ನೂರಕ್ಕೆ ಎಂಬತ್ತು ಪೊಸಿಷನ್‌ಗಳಿಗೆ ಅದು ಬೇಕಾಗೋದೇ ಇಲ್ಲ ಅನ್ನೋದು ನನ್ನ ಅನುಭವ.

ದಾವಣಗೆರೆ_ಎಂಟುಚೆಂಡು:
ಆರು ವಾರ ಆಯ್ತು, ಅದಕ್ಕೇ ಮತ್ತೆ ಬರೀತಿದ್ದೀನಿ. ಮೊದಲ ಎರಡು ವಾರ ಪಾಟ್ ಕೂಡ ಹಾಳಾಯ್ತು, ಬಿಟ್ಟುಬಿಡೋಣ ಅನ್ನಿಸಿತ್ತು. ಬಸ್ ಟಿಕೆಟ್ ಉಪಾಯ ಮಾಡಿದೆ, ಅಕ್ಕ ಹೇಳಿದ ಹಾಗೇ ಮುದ್ದೆಯಾಗಿತ್ತು. ನಿಲ್ಲಿಸುವ ಹೊಡೆತ ಈಗ ನಾಲ್ಕಡಿವರೆಗೂ ಐದಕ್ಕೆ ನಾಲ್ಕು ಬರುತ್ತೆ.

ಮೊನ್ನೆ ಭಾನುವಾರ ಮೂರಡಿ ಅಂತರದಲ್ಲಿ ನೇರ ಚೆಂಡು. ಮೆಲ್ಲಗೇ ಹೊಡೆದೆ, ಕೈಯಲ್ಲಿ ಏನೂ ಅನ್ನಿಸಲೇ ಇಲ್ಲ. ಎದುರಿನ ಚೆಂಡು ಪಾಕೆಟ್‌ಗೆ ಬಿತ್ತು. ಬಿಳಿ ತಾಗಿದ ಜಾಗದಲ್ಲಿ ಒಂದು ಕ್ಷಣ ನಿಂತೇ ತಿರುಗಿತು, ಆಮೇಲೆ ಬಟ್ಟೆ ಹಿಡಿದು ನನ್ನ ಕಡೆಗೇ ಓಡಿ ಬಂತು. ಒಂದೂವರೆ ಅಡಿ! ಪಕ್ಕದ ಟೇಬಲ್‌ನವರು ತಿರುಗಿ ನೋಡಿದ್ರು. ಪಟ್ಟೆ ಚೆಂಡಿಟ್ಟು ಮತ್ತೆ ಹತ್ತು ಹೊಡೆದೆ, ಎಂಟು ಚುಕ್ಕೆ ಕೆಳಗಂಚಿನ ಹತ್ತಿರ.

ಈಗ ಹೊಸ ತೊಂದರೆ. ಉದ್ದಕ್ಕೆ ನೇರ ಹೊಡೆದಾಗ ಬಿಳಿ ವಾಪಸ್ ಬಂದು ಈ ಕಡೆಯ ಪಾಕೆಟ್‌ಗೇ ಬೀಳ್ತಿದೆ.

ಹುಬ್ಬಳ್ಳಿ_ಬ್ರೇಕ್:
ಭಾರಿ ಆತು ತಮ್ಮಾ! ಹೊಸ ತೊಂದರಿ ಬಂತಂದ್ರ ಹಳೇದು ಹೋತು ಅಂತ ತಿಳಕೋ.

ಚಾಕ್‌ಪುಡಿ:
ನಿಂತೇ ತಿರುಗಿತು ಅಂದಿರಲ್ಲ, ಸರಿಯಾಗಿ ನೋಡಿದ್ದೀರಿ. ನೇರ ತಾಗಿದಾಗ ಬಿಳಿಯ ಓಟವೆಲ್ಲ ಎದುರಿನ ಚೆಂಡಿಗೆ ಹೋಗಿಬಿಡುತ್ತದೆ, ತಿರುಗು ಮಾತ್ರ ಬಿಳಿಯಲ್ಲೇ ಉಳಿಯುತ್ತದೆ.

ಪಾಕೆಟ್‌ಗೆ ಬೀಳುವುದಕ್ಕೆ ಸ್ಕ್ರೂ ಕಡಿಮೆ ಮಾಡುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದು, ಹಿಂದಿನ ಹೊಡೆತದಲ್ಲೇ ನೇರವಾಗಿ ನಿಲ್ಲದಂತೆ ನೋಡಿಕೊಳ್ಳುವುದು. ಸಣ್ಣದೊಂದು ಕೋನ ಇದ್ದರೆ ನಿಮ್ಮ ಕೈಯಲ್ಲಿ ಮೂರು ದಾರಿ ಇರುತ್ತವೆ. ತಿರುಗಿಲ್ಲದೆ ಜಾರುತ್ತಾ ತಾಗಿದ ಬಿಳಿ, ಎದುರಿನ ಚೆಂಡು ಹೋದ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. ಸ್ಕ್ರೂ ಇದ್ದರೆ ಅದಕ್ಕಿಂತ ಹಿಂದಕ್ಕೆ ಬಾಗುತ್ತದೆ. ಉರುಳುತ್ತಾ ಬಂದದ್ದು ಮುಂದಕ್ಕೆ ಬಾಗುತ್ತದೆ, ಅರ್ಧ ಚೆಂಡಿನ ಆಸುಪಾಸು (ಹೊಡೆಯುವ ಕಡೆಯಿಂದ ನೋಡಿದರೆ ಬಿಳಿ ಎದುರಿನ ಚೆಂಡಿನ ಅರ್ಧವನ್ನು ಮುಚ್ಚುವ ಹಾಗೆ) ತಾಗಿದರೆ ತಾನು ಬರುತ್ತಿದ್ದ ದಾರಿಯಿಂದ ಸುಮಾರು 30 ಡಿಗ್ರಿ ಹೊರಳುತ್ತದೆ. ತೋರುಬೆರಳು, ನಡುಬೆರಳು ಬಿಡಿಸಿ ಹಿಡಿದರೆ ಹೆಚ್ಚೂಕಡಿಮೆ ಆ ಕೋನ.

ಈ ವಾರ ಹೀಗೆ ಮಾಡಿ. ಕಾಲು ಚೆಂಡಿನಷ್ಟು ಓರೆ ಇರುವ ಒಂದೇ ಪಾಟ್ ಇಡಿ, ಜಾಗ ಗುರುತು ಮಾಡಿಕೊಳ್ಳಿ. ಮೊದಲು ನಿಲ್ಲಿಸುವ ಹೊಡೆತದ ಹಾಗೆ ಹೊಡೆದು ಬಿಳಿ ಎಲ್ಲಿ ಹೋಯಿತು ನೋಡಿ, ಅಲ್ಲೊಂದು ಚಾಕ್ ತುಂಡು ಕುಶನ್ ಮೇಲೆ ಇಡಿ. ಆಮೇಲೆ ಅದೇ ಪಾಟ್ ಸ್ಕ್ರೂ ಹಾಕಿ, ಆಮೇಲೆ ಉರುಳಿಸಿ. ಮೂರು ಚಾಕ್ ತುಂಡುಗಳ ನಡುವೆ ಎಷ್ಟು ಜಾಗ ಇದೆ ಅಂತ ಬರೆಯಿರಿ.

ದಾವಣಗೆರೆ_ಎಂಟುಚೆಂಡು:
ಸರಿ ಸರ್. ಬುಧವಾರ ಸಂಜೆ ಟೇಬಲ್ ಹೇಳಿಟ್ಟಿದ್ದೀನಿ, ಟೇಪ್ ತಗೊಂಡು ಹೋಗ್ತೀನಿ.